ಗುಟ್ಟಿನವರ ದೊಡ್ಡ ಬಾಗಿಲು

ಗುಟ್ಟು ಇಟ್ಟುಕೊಂಡವರು ಸಂದಿಗೊಂದಿ ಹುಡುಕಿಕೊಂಡು ಸೇರುತ್ತಾರೆ ಎಂದು ನಂಬಿದ್ದೆ. ಅಮೆರಿಕದ ಫಿಲಡೆಲ್ಫಿಯದಲ್ಲಿರುವ, ಗುಟ್ಟಿನ ಆಚರಣೆಗಳ ಸಂಘದವರಾದ ಫ್ರೀಮೇಸನ್ನರಿಗೆ ಅಂಥ ಸಂಕೋಚವೇ ಇಲ್ಲ. ಅವರ ಮೇಸಾನಿಕ್ ಟೆಂಪಲ್ ಊರಿನ ನಟ್ಟನಡುವೆ, ಸಿಟಿ ಹಾಲ್‌ನ ಪಕ್ಕದಲ್ಲೇ, ಬ್ರಾಡ್ ಸ್ಟ್ರೀಟಿಗೆ ಮುಖಮಾಡಿ ಎದೆ ಸೆಟೆಸಿ ನಿಂತಿದೆ. ಗ್ರಾನೈಟ್ ಗೋಡೆ, ಆಕಾಶಕ್ಕೇರಿದ ಗೋಪುರ, ಕಮಾನಿನೊಳಗೆ ಕಮಾನು ಕೊರೆದ ನಾರ್ಮನ್ ಶೈಲಿಯ ಬಾಗಿಲು. ಒಳಗೇನು ನಡೆಯುತ್ತದೆಂದು ಹೇಳುವುದಿಲ್ಲ, ಆದರೆ ನಡೆಯುವುದು ಇಲ್ಲೇ ಎಂಬುದು ಊರಿಗೆಲ್ಲ ಗೊತ್ತಿರಬೇಕು!

1868ರಲ್ಲಿ ಇದರ ಅಡಿಗಲ್ಲು ಹಾಕುವಾಗ ಬಳಸಿದ ಸುತ್ತಿಗೆಯೂ ಸಾಮಾನ್ಯದ್ದಲ್ಲ. 1793ರಲ್ಲಿ ಅಮೆರಿಕದ ಸಂಸತ್ ಭವನಕ್ಕೆ ಅಡಿಗಲ್ಲು ಹಾಕಿದಾಗ ಜಾರ್ಜ್ ವಾಷಿಂಗ್ಟನ್ನರ ಕೈಯಲ್ಲಿದ್ದದ್ದು ಅದೇ. ನಕ್ಷೆ ಬರೆದ ಜೇಮ್ಸ್ ವಿಂಡ್ರಿಮ್ ಆಗಿನ್ನೂ ಮೂವತ್ತು ದಾಟದ ಹುಡುಗ. ಕಟ್ಟಡ 1873ರಲ್ಲಿ ಮುಗಿಯಿತು. ಒಳಗಿನ ಸಿಂಗಾರ ಮಾತ್ರ ಆಮೇಲೂ ವರ್ಷಗಟ್ಟಲೆ ನಡೆಯಿತು.

ಆ ಸಿಂಗಾರದಲ್ಲೇ ಇರುವುದು ಸ್ವಾರಸ್ಯ. ಒಳಗೆ ಏಳು ಸಭಾಂಗಣಗಳು, ಏಳಕ್ಕೂ ಬೇರೆ ಬೇರೆ ವೇಷ. ಒಂದು ಗಾಥಿಕ್, ಒಂದು ಕೊರಿಂಥಿಯನ್, ಇನ್ನೊಂದರಲ್ಲಿ ಸ್ಪೇನಿನ ಅಲ್‌ಹಂಬ್ರ ಅರಮನೆಯ ಅಲಂಕಾರದ ಪಡಿಯಚ್ಚು. ಈಜಿಪ್ಷಿಯನ್ ಹಾಲ್‌ನಲ್ಲಿ ದಪ್ಪ ಕಂಬಗಳ ಸುತ್ತ, ಗೋಡೆಯ ಉದ್ದಕ್ಕೂ, ಕಡುಬಣ್ಣದ ಚಿತ್ರಲಿಪಿ. ಅಂದಕ್ಕೆ ಗೀಚಿದ್ದಲ್ಲ, ಬಲ್ಲವರು ಓದಬಹುದು. ಈ ಹಾಲನ್ನು ರೂಪಿಸಿದ ಕಲಾವಿದ ಜಾರ್ಜ್ ಹರ್ಟ್ಸಾಗ್.

ಇಷ್ಟೊಂದು ಹಳೆಯ ವೇಷಗಳು ಯಾಕೆ? ಲಂಡನ್ನಿನಲ್ಲಿ ಫ್ರೀಮೇಸನ್ನರ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಅವರ ಶಾಖೆಗಳಾದ ಲಾಡ್ಜುಗಳ ಒಕ್ಕೂಟ, ಹುಟ್ಟಿದ್ದು 1717ರಲ್ಲಿ. ಅವರ ಐತಿಹ್ಯ ಮಾತ್ರ ಬೈಬಲ್ಲಿನ ದೊರೆ ಸಾಲೊಮನ್ನನ ದೇಗುಲ ಕಟ್ಟಿದ ಕಲ್ಲುಕುಟಿಗರವರೆಗೆ ಹೋಗುತ್ತದೆ. ನಮ್ಮ ರಾಜರು ಶಾಸನದಲ್ಲಿ ಸೂರ್ಯವಂಶ, ಚಂದ್ರವಂಶ ಎಂದು ಬರೆಸಿಕೊಂಡಂತೆ, ಇವರು ತಮ್ಮ ವಂಶಾವಳಿಯನ್ನು ಕೋಣೆಕೋಣೆಯಾಗಿ ಕಟ್ಟಿಸಿಕೊಂಡರು ಎಂದು ನನ್ನ ಗುಮಾನಿ.

ಜಗತ್ತಿನ ಶೈಲಿಗಳನ್ನೆಲ್ಲ ಒಳಗೆ ಕರೆದುಕೊಂಡವರು ಮನುಷ್ಯರ ವಿಷಯದಲ್ಲಿ ಅಷ್ಟು ಧಾರಾಳಿಗಳಾಗಿರಲಿಲ್ಲ. ಈ ಕಟ್ಟಡಕ್ಕೂ ಮೊದಲು, 1797ರಲ್ಲಿ, ಇದೇ ಊರಿನ ಕರಿಯರು ಲಾಡ್ಜ್ ಕಟ್ಟಲು ಹೊರಟಾಗ ಬಿಳಿಯ ಮೇಸನ್ನರು ಅನುಮತಿ ಕೊಡಲಿಲ್ಲ. ಆ ಕರಿಯರು ಬಾಸ್ಟನ್ನಿನ ಕರಿಯ ಮೇಸನ್ನರ ನಾಯಕ ಪ್ರಿನ್ಸ್ ಹಾಲ್ ಅವರಿಗೆ ಪತ್ರ ಬರೆದು, ಅಲ್ಲಿಂದ ಮನ್ನಣೆ ಪಡೆದು, ತಮ್ಮವರೇ ಆದ ಅಬ್ಸಲಂ ಜೋನ್ಸರ ಮುಂದಾಳತ್ವದಲ್ಲಿ ತಮ್ಮದೇ ಲಾಡ್ಜ್ ತೆರೆದರು.

ಈಗ ಟಿಕೆಟ್ ಕೊಂಡವರಿಗೆಲ್ಲ ಟೆಂಪಲ್ಲಿನ ಬಾಗಿಲು ತೆರೆದಿದೆ. ಹೋದರೆ ಏಳು ಹಾಲ್‌ಗಳನ್ನೂ ಕಣ್ತುಂಬ ನೋಡಿ. ಜೊತೆಗೆ ಅಬ್ಸಲಂ ಜೋನ್ಸರ ಕತೆಯನ್ನೂ ಕೇಳಿ ತಿಳಿದುಕೊಳ್ಳಿ. ಅದಿಲ್ಲದೆ ಈ ಊರಿನ ಲಾಡ್ಜುಗಳ ಇತಿಹಾಸ ಅರ್ಧವೇ ಸರಿ.