ವರ್ಸೇಲ್ಸ್ ಅರಮನೆಗೆ ಬಂದ ಹೊಸ ಅತಿಥಿಗಳು

1788ನೆಯ ಇಸವಿ ಆಗಸ್ಟ್ 10ರಂದು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡದ್ದು ವರ್ಸೇಲ್ಸ್ ಅರಮನೆಯ ಹರ್ಕ್ಯುಲಿಸ್ ಸಭಾಂಗಣದಲ್ಲಿ. ಬ್ರಿಟಿಷರ ವಿರುದ್ಧ ಸೈನ್ಯದ ನೆರವನ್ನು ಬೇಡಲು ಮೈಸೂರು ಸೀಮೆಯಿಂದ ಕಡಲು ದಾಟಿ ಹೋಗಿದ್ದ ಅವರಿಗೆ ಸತ್ಕಾರವೇನೋ ದೊರೆಯಿತು, ನೆರವು ದೊರೆಯಲಿಲ್ಲ. ಅದಾಗಿ 220 ವರ್ಷಗಳು ಸಂದ ಮೇಲೆ, 2008ರಲ್ಲಿ, ಅದೇ ಸಭಾಂಗಣದ ನಡುವೆ ಬೇರೊಂದು ಅತಿಥಿ ಬಂದು ನಿಂತಿತು. ಜಾತ್ರೆಯಲ್ಲಿ ಉದ್ದನೆಯ ಬಲೂನನ್ನು ತಿರುಚಿ ಮಕ್ಕಳಿಗೆ ಮಾಡಿಕೊಡುವ ನಾಯಿಯ ಆಕಾರ ಅದು. ಆದರೆ ಆಳೆತ್ತರವನ್ನು ಮೀರಿದ್ದು, ಉಕ್ಕಿನದು, ಕನ್ನಡಿಯಂತೆ ಹೊಳೆಯುವ ಕೆನ್ನೇರಳೆ ಬಣ್ಣದ್ದು. ಮಾಡಿದವರು ಅಮೆರಿಕದ ಕಲಾವಿದ ಜೆಫ್ ಕೂನ್ಸ್.

ಗದ್ದಲವೆದ್ದುದು ಸಹಜವೇ. ಹಳೆಯ ರಾಜವಂಶದ ಕುಡಿಯೊಬ್ಬರು, ಇದು ನಮ್ಮ ಪೂರ್ವಜರಿಗೆ ಮಾಡಿದ ಅಪಚಾರವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ಆ ಬಳಿಕ ಹಲವು ವರ್ಷ ಜಗತ್ತಿನ ಒಬ್ಬೊಬ್ಬ ಕಲಾವಿದರನ್ನು ಅಲ್ಲಿಗೆ ಆಹ್ವಾನಿಸುವ ಪರಿಪಾಠ ನಡೆದುಬಂದಿತು. 2010ರಲ್ಲಿ ಜಪಾನಿನ ಮುರಕಾಮಿ, 2012ರಲ್ಲಿ ಪೋರ್ಚುಗಲ್ಲಿನ ಜೋಆನಾ ವಾಸ್ಕೊನ್ಸೆಲೊಸ್, ಹೀಗೆ. ಚೌಕಟ್ಟಿನೊಳಗಿನ ಚಿತ್ರವಲ್ಲ, ಪೀಠದ ಮೇಲಿನ ಮೂರ್ತಿಯೂ ಅಲ್ಲ. ಒಂದು ಜಾಗವನ್ನೇ ಆವರಿಸಿ ನಿಲ್ಲುವ ಇಂಥ ರಚನೆಗಳಿಗೆ ಪ್ರತಿಷ್ಠಾಪನ ಕಲೆ ಎಂಬ ಹೆಸರು ಕನ್ನಡದಲ್ಲಿ ರೂಢಿಗೆ ಬಂದಿದೆ.

ಪ್ಯಾರಿಸ್ಸಿನಿಂದ ನೈಋತ್ಯಕ್ಕೆ ರೈಲಿನಲ್ಲಿ ಸುಮಾರು ಮುಕ್ಕಾಲು ತಾಸಿನ ಹಾದಿ ವರ್ಸೇಲ್ಸ್. 1623ರಲ್ಲಿ ಹದಿಮೂರನೆಯ ಲೂಯಿ ಅಲ್ಲೊಂದು ಬೇಟೆಯ ಬಿಡಾರ ಕಟ್ಟಿಸಿದನು. ಅವನ ಮಗ ಹದಿನಾಲ್ಕನೆಯ ಲೂಯಿ ಅದನ್ನೇ ಅರಮನೆಯಾಗಿ ಬೆಳೆಸಿ 1682ರಲ್ಲಿ ಆಸ್ಥಾನವನ್ನು ಅಲ್ಲಿಗೆ ಸಾಗಿಸಿದನು. 73 ಮೀಟರ್ ಉದ್ದದ ಮೊಗಸಾಲೆಯಲ್ಲಿ 357 ಕನ್ನಡಿಗಳು. ಅವುಗಳ ಎದುರು ನಿಂತವರಿಗೆ ತಮ್ಮ ಮುಖವೇ ಕಾಣದಷ್ಟು ಜನಸಂದಣಿ! ನಮಗಂತೂ ಒಳಗಿನ ಹೊನ್ನಿಗಿಂತ ಹೊರಗಿನ ಉದ್ಯಾನವೇ ಹೆಚ್ಚು ಮಾತನಾಡಿತು.

ಆಂದ್ರೆ ಲ ನೋತ್ರ್ ಎಂಬ ತೋಟಗಾರನು ರೂಪಿಸಿದ ಈ ಉದ್ಯಾನದ ಜೀವವೇ ನೀರು. ಅದರ ಕೊರತೆಯೂ ನೀರೇ. ಅರಮನೆಯಿರುವ ನೆಲದಲ್ಲಿ ಹೇಳಿಕೊಳ್ಳುವಂಥ ಹೊಳೆಯಿಲ್ಲ. 1684ರಲ್ಲಿ ಸೇನ್ ನದಿಗೆ 14 ದೈತ್ಯ ಚಕ್ರಗಳ ಯಂತ್ರವನ್ನು ಹೂಡಿ ಬೆಟ್ಟದ ಮೇಲಕ್ಕೆ ನೀರೆತ್ತಿದರೂ ಸಾಲಲಿಲ್ಲ. ಎಲ್ಲ ಕಾರಂಜಿಗಳನ್ನೂ ಒಮ್ಮೆಗೆ ನಡೆಸುವುದು ಅಸಾಧ್ಯವಾಗಿ, ದೊರೆ ಸಮೀಪಿಸುತ್ತಲೇ ಆಳುಗಳು ಸಿಳ್ಳೆ ಹೊಡೆದು ಆ ಕಡೆಯ ಕಾರಂಜಿಯನ್ನು ತೆರೆಯುತ್ತಿದ್ದರು. ಅವನು ಮುಂದೆ ಸಾಗಿದೊಡನೆ ಮುಚ್ಚುತ್ತಿದ್ದರು. ದೂರದ ಯೂರ್ ನದಿಯಿಂದ ಕಾಲುವೆ ತರಲು ಸಾವಿರಾರು ಸೈನಿಕರನ್ನು ಅಗೆಯಲು ಹಚ್ಚಿದರು. ಜ್ವರಕ್ಕೆ ಸಿಕ್ಕಿ ಸತ್ತವರು ಬಹಳ. 1688ರಲ್ಲಿ ಯುದ್ಧ ಬಂದು ಕೆಲಸ ನಿಂತೇ ಹೋಯಿತು. ಅದಾಗಿ ನೂರು ವರ್ಷ ಕಳೆದು, 1789ರ ಅಕ್ಟೋಬರ್ ತಿಂಗಳಲ್ಲಿ, ರೊಟ್ಟಿ ಸಿಗದ ಪ್ಯಾರಿಸ್ಸಿನ ಹೆಂಗಸರು ಇದೇ ಬಾಗಿಲಿಗೆ ನಡೆದು ಬಂದದ್ದನ್ನೂ ಇಲ್ಲಿ ನೆನೆಯಬೇಕು.

ಈ ವೃತ್ತಾಂತವನ್ನು ತಿಳಿದವರಿಗೆ 2016ರಲ್ಲಿ ಒಲಾಫರ್ ಎಲಿಯಾಸನ್ ಎಂಬವರು ದೊಡ್ಡ ಕಾಲುವೆಯ ನಡುವೆ ಎಬ್ಬಿಸಿದ ಜಲಪಾತವು ಬರಿಯ ಚಮತ್ಕಾರವಾಗಿ ತೋರದು. ಅರಮನೆಯ ಕಡೆಯಿಂದ ನೋಡಿದರೆ ನೀರು ಆಕಾಶದಿಂದಲೇ ಧುಮುಕಿದಂತೆ. ಹತ್ತಿರ ಹೋದರೆ ಉಕ್ಕಿನ ಗೋಪುರ, ಕಾಲುವೆಯ ನೀರನ್ನೇ ಮೇಲೆತ್ತುವ ಪಂಪು, ಎಲ್ಲವೂ ಬಯಲು. ಲೂಯಿಯ ಕಾಲದಲ್ಲಿ ಮರೆಮಾಚಿದ ದುಡಿಮೆಯನ್ನು ಈತ ಮುಚ್ಚದೆ ತೋರಿಸಿದರು. ಅರಮನೆಗೆ ಬಂದ ಅತಿಥಿಗಳಲ್ಲಿ ಆ ಮನೆಯ ಕಥೆಯನ್ನೇ ಎತ್ತಿ ಆಡಿದವರು ನಮಗೆ ಹೆಚ್ಚು ಪ್ರಿಯರು. ಬಲೂನು ನಾಯಿಗೆ ಆ ಸಭಾಂಗಣವಾದರೂ ಒಂದೇ, ಬೇರೊಂದು ಮಾಳಿಗೆಯಾದರೂ ಒಂದೇ.

ಇಟಲಿಯ ಜುಸೆಪ್ಪೆ ಪೆನೋನೆ ಅವರದು ಇನ್ನೊಂದು ಬಗೆ. 1999ರ ಡಿಸೆಂಬರ್ 26ರ ಬಿರುಗಾಳಿಯಲ್ಲಿ ಈ ಉದ್ಯಾನದ ಸಾವಿರಾರು ಮರಗಳು ಉರುಳಿದವು. ಹಾಗೆ ಬಿದ್ದ ಒಂದು ದೇವದಾರಿನ ದಿಮ್ಮಿಯನ್ನು ಅವರು ಕೊಂಡೊಯ್ದು, ಒಳಗಿನ ಒಂದು ವಯೋವಲಯವನ್ನು ಅನುಸರಿಸುತ್ತ ಕೆತ್ತಿ, ಆ ಮುದಿ ಮರವು ಎಳೆಯದಾಗಿದ್ದಾಗಿನ ಕಾಂಡವನ್ನೂ ರೆಂಬೆಗಳನ್ನೂ ಹೊರಗೆಡಹಿದರು. 2013ರಲ್ಲಿ ಅವರ ಸರದಿ ಬಂದಾಗ ಉದ್ಯಾನದಲ್ಲಿ ಕಂಚಿನ ಎರಡು ತೊಗಟೆಗಳ ನಡುವೆ ಒಂದು ಜೀವಂತ ಗಿಡವನ್ನು ನಿಲ್ಲಿಸಿದ್ದರು.

2015ರ ಸಂಗತಿ ಮಾತ್ರ ಮನಸ್ಸಿಗೆ ನೋವು ತರುವಂಥದು. ಮುಂಬಯಿಯಲ್ಲಿ ಹುಟ್ಟಿದ, ಯೆಹೂದಿ ತಾಯಿಯ ಮಗನಾದ ಅನೀಶ್ ಕಪೂರರು ಹುಲ್ಲುಹಾಸಿನ ಮೇಲೆ 60 ಮೀಟರ್ ಉದ್ದದ ಉಕ್ಕಿನ ಕೊಳವೆಯೊಂದನ್ನು ಬಂಡೆಗಳ ನಡುವೆ ಇರಿಸಿದ್ದರು. ಕೆಲವರು ಅದನ್ನು ಅಶ್ಲೀಲವೆಂದರು. ಯಾರೋ ಬಣ್ಣ ಎರಚಿದರು. ಸೆಪ್ಟೆಂಬರಿನಲ್ಲಿ ಯೆಹೂದಿದ್ವೇಷದ ಬರಹಗಳನ್ನು ಅದರ ಮೇಲೆ ಗೀಚಿದರು. ಆ ಗೀಚುಗಳನ್ನು ಅಳಿಸದೆ, ದ್ವೇಷಕ್ಕೆ ಸಾಕ್ಷಿಯಾಗಿ ಉಳಿಸುವೆನೆಂದರು ಕಪೂರರು. ಮರೆಮಾಡಲೇಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ಕೊನೆಗೆ ಅವುಗಳ ಮೇಲೆ ಚಿನ್ನದ ರೇಕು ಹಚ್ಚಲಾಯಿತು. ಕಲಾವಿದರ ನೋವನ್ನು ಬಲ್ಲೆವಾದರೂ ನಮ್ಮ ಒಲವು ನ್ಯಾಯಾಲಯದ ಕಡೆಗಿದೆ. ಮಕ್ಕಳ ಕೈಹಿಡಿದು ಉದ್ಯಾನಕ್ಕೆ ಬಂದ ಯೆಹೂದಿ ತಾಯಿಯೊಬ್ಬಳು ಆ ಅಕ್ಷರಗಳನ್ನು ಏಕೆ ಓದಬೇಕು? ಅದೇ ಪ್ರದರ್ಶನದಲ್ಲಿ ನೆಲದೊಳಗೆ ಬುಗುರಿಯಂತೆ ಸುತ್ತುವ ಕಪ್ಪು ನೀರಿನ ಸುಳಿಯೊಂದಿತ್ತು. ಅಂಥದನ್ನು 2014ರ ಕೊನೆಗೆ ಕೊಚ್ಚಿಯ ಬಿಯೆನಾಲೆಯಲ್ಲಿ, ಕಡಲ ದಂಡೆಯ ಹಳೆಯ ಆಸ್ಪಿನ್‌ವಾಲ್ ಭವನದಲ್ಲಿ, ನಮ್ಮ ದೇಶದವರು ಮೊದಲೇ ಕಂಡಿದ್ದರು.

ಇವೆಲ್ಲ ಕೆಲವು ತಿಂಗಳಿದ್ದು ತೆರಳಿದ ಅತಿಥಿಗಳು. ಅಲ್ಲೇ ನೆಲೆನಿಂತದ್ದು ಜಲನಾಟಕಶಾಲೆ ಎಂಬ ತೋಪಿನಲ್ಲಿದೆ. ಲ ನೋತ್ರನ ಈ ತೋಪು 1775ರಲ್ಲಿ ಅಳಿದುಹೋಗಿತ್ತು. 2015ರಲ್ಲಿ ಲೂಯಿ ಬೆನೆಶ್ ಎಂಬ ಉದ್ಯಾನಶಿಲ್ಪಿ ಅದನ್ನು ಹೊಸದಾಗಿ ನೆಟ್ಟರು. ಜಾನ್ ಮಿಶೆಲ್ ಒತೋನಿಯೆಲ್ ಅದರ ಕೊಳಗಳಲ್ಲಿ ಹೊನ್ನಬಣ್ಣದ ಗಾಜಿನ ಗುಂಡುಗಳನ್ನು ಮಣಿಸರದಂತೆ ಪೋಣಿಸಿ ಕಾರಂಜಿಗಳನ್ನು ಮಾಡಿದರು. ಆ ಸರಗಳ ಬಳುಕು ಮನಬಂದಂತೆ ಮಾಡಿದ್ದಲ್ಲ. ಹದಿನಾಲ್ಕನೆಯ ಲೂಯಿ ಸ್ವತಃ ನರ್ತಕ. ಅವನ ಕಾಲದಲ್ಲಿ ಹೆಜ್ಜೆಗಳನ್ನು ಕಾಗದದ ಮೇಲೆ ಗೆರೆಗಳಾಗಿ ಬರೆದಿಡುವ ಲಿಪಿಯೊಂದು ಬಳಕೆಗೆ ಬಂದಿತ್ತು. ಆ ಗೆರೆಗಳನ್ನೇ ಒತೋನಿಯೆಲ್ ನೀರಿನ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಅಲ್ಲಿಗೆ ಹೋಗುವ ಬಂಧುಗಳು ಕಾರಂಜಿಗಳನ್ನು ನಡೆಸುವ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು. ಎಲ್ಲ ದಿನವೂ ನೀರು ಬಿಡುವುದಿಲ್ಲ.