ತೋರುವ ಹಲ್ಲು, ತಿನ್ನುವ ಹಲ್ಲು

ಆನೆಗೆ ತೋರುವ ಹಲ್ಲು ಬೇರೆ, ತಿನ್ನುವ ಹಲ್ಲು ಬೇರೆ ಎಂಬ ಗಾದೆ ಕಟ್ಟಿದವರು ನಮ್ಮ ದೊಡ್ಡಪ್ಪನನ್ನು ನೋಡಿರಲಿಲ್ಲ. ನೋಡಿದ್ದರೆ ಆನೆಯ ಉಸಾಬರಿಗೆ ಹೋಗುತ್ತಿರಲಿಲ್ಲ. ಸಾಗರದ ಸೀಮೆಯಲ್ಲಿ ದೊಡ್ಡಪ್ಪ ತಾಳಮದ್ದಲೆಯ ಅರ್ಥಧಾರಿ. ಅಡಿಕೆ ಅಗಿದು ಅಗಿದು ಐವತ್ತು ದಾಟುವುದರೊಳಗೆ ಬಾಯಿ ಬರಿದಾಗಿತ್ತು. ಘಟ್ಟ ಇಳಿದು ಹೋಗಿ ಮೇಲಿನದು ಕೆಳಗಿನದು ಎರಡನ್ನೂ ಕಟ್ಟಿಸಿಕೊಂಡು ಬಂದ. ಆ ಹಲ್ಲಿನ ಸೆಟ್ಟು ಬಾಯಿಗೆ ಏರುತ್ತಿದ್ದುದು ಮದ್ದಲೆಗೆ ಪೆಟ್ಟು ಬಿದ್ದ ಮೇಲೆ. ಇಡೀ ರಾತ್ರಿ ವಾಲಿಯಾಗಿಯೋ ಕರ್ಣನಾಗಿಯೋ ವಾದಿಸಿ, ಬೆಳಗಿನ ಜಾವ ಎಲೆ ಹಾಕಿದರು ಎಂದ ಕೂಡಲೇ ಸೆಟ್ಟು ಇಳಿದು ಕರವಸ್ತ್ರದ ಪಾಲಾಗುತ್ತಿತ್ತು. ಊಟಕ್ಕೆ ಹಾಕಿಕೊಳ್ಳಬಾರದೇ ಎಂದು ನಾನು ಕೇಳಿದರೆ ಅವನ ಉತ್ತರ ಸಿದ್ಧ: “ಕೂಸೆ, ಅರ್ಥ ಹೇಳಲೆ ಹಲ್ಲು ಬೇಕು, ಉಂಬಲೆ ನಾಲಿಗೆ ಸಾಕು.”

ಅದೇ ಮನೆಯಲ್ಲಿ ಅಜ್ಜಿಯದು ಎದುರು ಪಕ್ಷ. ಅವಳ ಹಲ್ಲು ಬಾಯೊಳಗೆ ಇರಲಿಲ್ಲ, ತೊಡೆಯ ಪಕ್ಕದಲ್ಲಿತ್ತು. ಅದು ಕಬ್ಬಿಣದ ಒಂದು ಕುಟ್ಟಾಣಿ. ಎಲೆ, ಅಡಿಕೆ, ಸುಣ್ಣ, ಚೂರು ಹೊಗೆಸೊಪ್ಪು ಹಾಕಿ ಟಕಟಕ ಕುಟ್ಟಿ, ಹಣ್ಣಾದ ಕವಳವನ್ನು ಬೊಚ್ಚುಬಾಯಿಗೆ ಎಸೆದುಕೊಳ್ಳುತ್ತಿದ್ದಳು. ಹಪ್ಪಳವೂ ಅದರಲ್ಲೇ ಪುಡಿ, ಸಂಕ್ರಾಂತಿಯ ಕೊಬ್ಬರಿಯೂ ಅದರಲ್ಲೇ ಪುಡಿ. ಅವಳಿಗೆ ಸಭೆಯಿರಲಿಲ್ಲ, ತೋರಿಸಬೇಕಾದವರು ಯಾರೂ ಇರಲಿಲ್ಲ. ತಿನ್ನುವುದಷ್ಟೇ ಪ್ರಶ್ನೆ, ಅದಕ್ಕೆ ಕುಟ್ಟಾಣಿ ಸಾಕಿತ್ತು.

ಈಗ ನನ್ನ ಬಾಯಿಗೇ ಸರದಿ ಬಂದಿದೆ. ಬೆಂಗಳೂರಿನಲ್ಲಿ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗುವವಳಿಗೆ ಮಾತಾಡುವ ಹಾಗಿಲ್ಲ, ಯೋಚಿಸಲು ಅಡ್ಡಿಯಿಲ್ಲ. ಹಾಗೆ ಯೋಚಿಸುತ್ತ, ಮನೆಗೆ ಬಂದು ಓದುತ್ತ ಹೋದ ಹಾಗೆ ಒಂದು ಸಂಗತಿ ಹೊಳೆಯಿತು. ಕಟ್ಟಿಸಿದ ಹಲ್ಲಿನ ಚರಿತ್ರೆಯಲ್ಲಿ ಬಹುಪಾಲು ಕಾಲ ಗೆದ್ದದ್ದು ದೊಡ್ಡಪ್ಪನ ಪಕ್ಷವೇ.

ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಇಟಲಿಯ ಎಟ್ರಸ್ಕನ್ನರು ಚಿನ್ನದ ಪಟ್ಟಿ ಬಾಗಿಸಿ, ಬಿದ್ದ ಹಲ್ಲಿನ ಜಾಗಕ್ಕೆ ಇನ್ನೊಂದನ್ನು ಕೂರಿಸಿ, ಅಕ್ಕಪಕ್ಕದ ಗಟ್ಟಿ ಹಲ್ಲಿಗೆ ಬಿಗಿಯುತ್ತಿದ್ದರು. ಹೆಚ್ಚಾಗಿ ಧರಿಸಿದವರು ಸ್ಥಿತಿವಂತರ ಮನೆಯ ಹೆಂಗಸರು. ನಕ್ಕಾಗ ಮಿನುಗಬೇಕಾದ ಮುಂದಿನ ಹಲ್ಲಿಗೆ ಈ ವೈಭವ, ಅಗಿಯುವ ದವಡೆ ಹಲ್ಲನ್ನು ಕೇಳುವವರಿಲ್ಲ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ನೀರಾನೆಯ ಕೋರೆಯನ್ನೂ ಆನೆಯ ದಂತವನ್ನೂ ಕೆತ್ತಿ ಸೆಟ್ಟು ಮಾಡುತ್ತಿದ್ದರು. ಆನೆ ತೋರಿಸಲೆಂದೇ ಹೊತ್ತು ತಿರುಗುವ ಹಲ್ಲನ್ನು ಕೊಯ್ದು ತಂದು ಮನುಷ್ಯ ತನ್ನ ತೋರುವ ಹಲ್ಲು ಮಾಡಿಕೊಂಡ ಎಂದರೆ, ಗಾದೆ ನಿಜವಾಗುವುದಕ್ಕೆ ಇನ್ನೇನು ಬೇಕು? ಆದರೆ ದಂತಕ್ಕೆ ಮನುಷ್ಯನ ಎಂಜಲು ಒಗ್ಗದು. ಬರಬರುತ್ತ ಕಂದಿ, ಕೊಳೆತು, ನಾರತೊಡಗುತ್ತಿತ್ತು. ಮೇಲಿನ ಸೆಟ್ಟು ಕೆಳಗೆ ಬೀಳದಿರಲಿ ಎಂದು ಎರಡರ ನಡುವೆ ಸ್ಪ್ರಿಂಗು. ಅದು ಸದಾ ಬಾಯನ್ನು ತೆರೆಯಲು ನೋಡುತ್ತದೆ, ಧರಿಸಿದವರು ಸದಾ ಕಚ್ಚಿ ಹಿಡಿದಿರಬೇಕು.

ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಮೆರಿಕದ ಮೊದಲ ಅಧ್ಯಕ್ಷನಾಗಿ ಪ್ರಮಾಣ ಮಾಡಿದಾಗ ಅವನ ಬಾಯಲ್ಲಿ ಉಳಿದಿದ್ದುದು ಒಂದೇ ಒಂದು ಸ್ವಂತ ಹಲ್ಲು. ಮರದ ಹಲ್ಲು ಹಾಕಿಕೊಂಡಿದ್ದ ಎಂಬುದು ಬರೀ ಕತೆ. ಅವನ ಸೆಟ್ಟುಗಳಲ್ಲಿ ನೀರಾನೆಯ ಕೋರೆ, ಸೀಸ, ಸ್ಪ್ರಿಂಗು, ಮನುಷ್ಯರ ಹಲ್ಲು ಎಲ್ಲವೂ ಇದ್ದವು. 1784ರ ಅವನ ಮನೆಯ ಲೆಕ್ಕದ ಪುಸ್ತಕದಲ್ಲಿ ಗುಲಾಮರಿಂದ ಒಂಬತ್ತು ಹಲ್ಲು ಕೊಂಡದ್ದಕ್ಕೆ ಹಣ ಕೊಟ್ಟ ದಾಖಲೆಯಿದೆ. ಇಲ್ಲ ಎನ್ನುವ ಹಕ್ಕೇ ಇಲ್ಲದವರಿಂದ ಕೊಂಡದ್ದು ಅದು. ಡಾಲರಿನ ನೋಟಿನ ಮೇಲೆ ತುಟಿ ಬಿಗಿದು ಕುಳಿತ ಮುಖವನ್ನು ನೋಡುವಾಗ ಜನ ಗಾಂಭೀರ್ಯ ಎಂದುಕೊಳ್ಳುತ್ತಾರೆ. ಒಳಗಿನ ಸ್ಪ್ರಿಂಗಿನ ಪಾಲು ಅದರಲ್ಲಿ ಎಷ್ಟೆಂದು ಯಾರು ಬಲ್ಲರು? 1815ರಲ್ಲಿ ವಾಟರ್‌ಲೂ ಯುದ್ಧ ಮುಗಿದಾಗ ರಣರಂಗದಲ್ಲಿ ಬಿದ್ದ ಹುಡುಗರ ಹಲ್ಲು ಕಿತ್ತು ಮಾರುವುದೇ ಒಂದು ವ್ಯಾಪಾರವಾಯಿತು. ಲಂಡನ್ನಿನ ಮುದುಕರ ಬಾಯಲ್ಲಿ ಹರೆಯದ ಸಿಪಾಯಿಗಳ ಹಲ್ಲು ನಗತೊಡಗಿದವು.

ದಂತದ ಸೆಟ್ಟಿನ ನಾತ ತಾಳಲಾರದೆ ದಾರಿ ಹುಡುಕಿದವನು ವೈದ್ಯನೂ ಅಲ್ಲ, ಪ್ಯಾರಿಸ್ ಹತ್ತಿರದ ಸೇಂಟ್ ಜರ್ಮೇನಿನಲ್ಲಿ ಔಷಧದ ಅಂಗಡಿ ಇಟ್ಟಿದ್ದ ಅಲೆಕ್ಸಿ ದುಶಾತೊ. 1774ರ ಸುಮಾರಿಗೆ ಅವನು ಪಿಂಗಾಣಿಯ ಸೆಟ್ಟು ಮಾಡಿಸಿದ. ನಿಕೊಲಾ ದುಬುವಾ ದ ಶೆಮಾಂ ಎಂಬ ದಂತವೈದ್ಯ ಅದನ್ನು ತಿದ್ದಿ ತೀಡಿ ಲಂಡನ್ನಿಗೂ ಒಯ್ದ. ಪಿಂಗಾಣಿ ಕೊಳೆಯಲಿಲ್ಲ, ನಾರಲಿಲ್ಲ. ಆದರೆ ಒಲೆಯಲ್ಲಿ ಸುಡುವಾಗ ಕುಗ್ಗಿ ಅಳತೆ ತಪ್ಪುತ್ತಿತ್ತು.

ಅಜ್ಜಿಯ ಪಕ್ಷಕ್ಕೂ ಲೋಕದಲ್ಲಿ ಒಂದು ಪೀಠವಿತ್ತು, ಅದು ಜಪಾನಿನಲ್ಲಿ. ಅಲ್ಲಿಯ ವಕಯಾಮದಲ್ಲಿ 1538ರಲ್ಲಿ ತೀರಿಕೊಂಡ ಬೌದ್ಧ ಸನ್ಯಾಸಿನಿಯೊಬ್ಬಳ ಮರದ ಸೆಟ್ಟು ಇವತ್ತಿಗೂ ಉಳಿದಿದೆ. ಬುದ್ಧನ ವಿಗ್ರಹ ಕೆತ್ತುವ ಕೈಗಳಿಗೆ ಗೊತ್ತಿದ್ದ ಕುಸುರಿಯಲ್ಲಿ, ಗಟ್ಟಿ ಮರದ ಒಂದೇ ತುಂಡನ್ನು ಅಂಗುಳಕ್ಕೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಹೊಂದಿಸಿ ಕೆತ್ತುತ್ತಿದ್ದರು. ಆಮೇಲಾಮೇಲೆ ದವಡೆಯ ಭಾಗಕ್ಕೆ ಲೋಹದ ಮೊಳೆ ಬಡಿದು ಅಗಿಯುವುದಕ್ಕೂ ಅನುಕೂಲ ಮಾಡಿಕೊಂಡರು. ಸ್ಪ್ರಿಂಗಿನ ಹಂಗಿಲ್ಲದೆ ಆ ಸೆಟ್ಟು ಬಾಯಲ್ಲಿ ನಿಲ್ಲುತ್ತಿತ್ತು, ಅದರಲ್ಲಿ ಉಣ್ಣುತ್ತಿದ್ದರು. ಯುರೋಪಿನ ರಾಜರಾಣಿಯರು ತುಟಿ ಬಿಗಿದು ಕೂತಿದ್ದ ಕಾಲದಲ್ಲಿ ಜಪಾನಿನ ಮುದುಕಿ ಊಟ ಮಾಡುತ್ತಿದ್ದಳು.

ಆ ಸೆಟ್ಟು ನಿಲ್ಲುತ್ತಿದ್ದ ಗುಟ್ಟು ಇಂದಿಗೂ ಬದಲಾಗಿಲ್ಲ. ಎರಡು ಗಾಜಿನ ತುಂಡುಗಳ ನಡುವೆ ಒಂದು ಹನಿ ನೀರು ಬಿದ್ದರೆ ಎಳೆದರೂ ಬಿಡುವುದಿಲ್ಲವಲ್ಲ, ಹಾಗೆ ಸೆಟ್ಟಿಗೂ ಅಂಗುಳಕ್ಕೂ ನಡುವಿನ ತೆಳು ಎಂಜಲೇ ಅಂಟು. ಸುತ್ತಲಿನ ಅಂಚು ಗಾಳಿ ನುಗ್ಗದಂತೆ ತಡೆದರೆ ಮುಗಿಯಿತು. ಮೇಲಿನ ದವಡೆಯಲ್ಲಿ ಅಂಗುಳದ ಪೂರ್ತಿ ಜಾಗ ಸಿಗುತ್ತದೆ. ಕೆಳಗೆ ಸಿಗುವುದು ಲಾಳಾಕಾರದ ಕಿರಿದಾದ ದಿಣ್ಣೆ ಮಾತ್ರ, ನಡುವೆ ಸುಮ್ಮನಿರಲಾರದ ನಾಲಿಗೆ ಬೇರೆ. ಅದಕ್ಕೇ ಸೆಟ್ಟು ಹಾಕಿಕೊಂಡವರೆಲ್ಲರ ದೂರು ಕೆಳಗಿನದರ ಮೇಲೆ.

ಜನಸಾಮಾನ್ಯರ ಬಾಯಿಗೆ ಸೆಟ್ಟು ಇಳಿಯಲು ಎರಡು ಸಂಗತಿ ಕೂಡಿ ಬರಬೇಕಾಯಿತು. ಒಂದು, ನೋವಿಲ್ಲದೆ ಹಲ್ಲು ಕೀಳುವುದು. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆಗೆ ಅನುವು ಮಾಡಿ ಹೆಸರಾದ ವಿಲಿಯಂ ಮಾರ್ಟನ್ ಮೂಲತಃ ದಂತವೈದ್ಯ. ಹಳೆಯ ಬೇರುಗಳನ್ನು ಕೀಳಿಸಿಕೊಳ್ಳಲು ಜನ ಹೆದರಿದರೆ ಅವನ ಸೆಟ್ಟು ಯಾರು ಕೊಳ್ಳಬೇಕು? ಇನ್ನೊಂದು, ಅಗ್ಗದ ತಳ. ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ರಬ್ಬರನ್ನು ಪಳಗಿಸಿದ ಮೇಲೆ ವಲ್ಕನೈಟ್ ಎಂಬ ಗಟ್ಟಿ ರಬ್ಬರು ಬಂತು. ಬಾಯಿಯ ಅಚ್ಚಿಗೆ ಸರಿಯಾಗಿ ಕೂರುವ ತಳ, ಅದರಲ್ಲಿ ನೆಟ್ಟ ಪಿಂಗಾಣಿ ಹಲ್ಲು. ಬಣ್ಣ ಮಾತ್ರ ಕಪ್ಪು ಕೆಂಪು, ಆದರೆ ಬೆಲೆ ಗುಮಾಸ್ತನ ಕೈಗೂ ಎಟುಕುವಂಥದ್ದು.

ಅಗ್ಗವಾದದ್ದರ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿ ಪೇಟೆಂಟ್ ಹಿಡಿದು ಅಮೆರಿಕದ ದಂತವೈದ್ಯರ ಬೆನ್ನು ಹತ್ತಿತು. ಪ್ರತಿ ಸೆಟ್ಟಿಗೂ ಕಪ್ಪ, ಕೊಡದವರ ಮೇಲೆ ದಾವೆ. ಕಂಪನಿಯ ಖಜಾಂಚಿ ಜೋಸಯ್ಯ ಬೇಕನ್ ಊರಿಂದ ಊರಿಗೆ ಹೋಗಿ ವೈದ್ಯರನ್ನು ಕೋರ್ಟಿಗೆ ಎಳೆಯುತ್ತಿದ್ದ. ಅವನ ಕಾಟಕ್ಕೆ ಡೆಲವೇರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಓಡಿಹೋಗಿದ್ದ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯನನ್ನು ಅಲ್ಲಿಗೂ ಹುಡುಕಿಕೊಂಡು ಹೋದ. 1879ರ ಏಪ್ರಿಲಿನಲ್ಲಿ ಹೋಟೆಲಿನ ಕೋಣೆಯಲ್ಲಿ ಚಾಲ್ಫಂಟ್ ಬೇಕನ್‌ನನ್ನು ಗುಂಡಿಟ್ಟು ಕೊಂದ. ಎರಡು ವರ್ಷಕ್ಕೆ ಪೇಟೆಂಟಿನ ಅವಧಿಯೂ ಮುಗಿಯಿತು. ಬೊಚ್ಚುಬಾಯಿಯವರ ಸಲುವಾಗಿ ಕೊಲೆಯೂ ಆಗಿದೆ ಎಂದು ಹೇಳಿದ್ದರೆ ದೊಡ್ಡಪ್ಪ ಅದನ್ನೇ ಒಂದು ಪ್ರಸಂಗ ಮಾಡಿ ಬೆಳಗಾಗುವವರೆಗೆ ಅರ್ಥ ಹೇಳುತ್ತಿದ್ದ.

ದೊಡ್ಡಪ್ಪನ ಸೆಟ್ಟು ಅಕ್ರಿಲಿಕ್‌ನದು. 1930ರ ದಶಕದ ಕೊನೆಗೆ ಬಂದ ಈ ಪ್ಲಾಸ್ಟಿಕ್ ವಲ್ಕನೈಟನ್ನು ಮೂಲೆಗೆ ತಳ್ಳಿತು. ಒಸಡಿನದೇ ಗುಲಾಬಿ ಬಣ್ಣ, ಹಗುರ, ಮುರಿದರೆ ಕೂಡಿಸಬಹುದು. ಲೋಕದ ಹೆಚ್ಚಿನ ಸೆಟ್ಟುಗಳು ಈಗಲೂ ಅದರವೇ. ಅವನ ಸೆಟ್ಟು ಚೆನ್ನಾಗಿಯೇ ಇತ್ತು, ಬದಲಾದದ್ದು ಅವನ ದವಡೆ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಎಲುಬಿಗೆ ಕೆಲಸವಿಲ್ಲ. ಮೊದಲ ವರ್ಷ ಬೇಗ ಬೇಗ, ಆಮೇಲೆ ಮೆಲ್ಲಗೆ ಅದು ಸವೆಯುತ್ತಲೇ ಇರುತ್ತದೆ, ಕೆಳದವಡೆಯಲ್ಲಿ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಸೆಟ್ಟು ಮಾತ್ರ ಹಳೆಯ ಅಳತೆಯಲ್ಲೇ ನಿಂತಿರುತ್ತದೆ. ಒಂದು ರಾತ್ರಿ ರಾವಣನಾಗಿ ಅಬ್ಬರಿಸುವಾಗ ಕೆಳಗಿನ ಸೆಟ್ಟು ಎದ್ದು ಹೊರಗೆ ಇಣುಕಿತು. ದೊಡ್ಡಪ್ಪ ಕೈಯಲ್ಲೇ ಒತ್ತಿ ಕೂರಿಸಿಕೊಂಡು, ಹತ್ತು ತಲೆಯವನಿಗೆ ಯಾವ ಬಾಯಿಯ ಹಲ್ಲು ಎಲ್ಲಿ ಎಂದು ಲೆಕ್ಕವಿಡುವುದೇ ಕಷ್ಟ ಎಂದು ಎದುರು ಅರ್ಥಧಾರಿಗೇ ದೂರು ಕೊಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು. ಆಗಾಗ ತೋರಿಸಿ ಒಳಪದರ ತುಂಬಿಸಿಕೊಳ್ಳಬೇಕು, ಅದಕ್ಕೆ ರಿಲೈನಿಂಗ್ ಎನ್ನುತ್ತಾರೆ ಎಂದು ನಮ್ಮ ಸೀಮೆಯಲ್ಲಿ ಆಗ ಯಾರಿಗೂ ತಿಳಿದಿರಲಿಲ್ಲ.

ನನ್ನ ಕತೆ ಅರ್ಧ ಬಾಯಿಯದು. ಮುಂದಿನ ಹಲ್ಲುಗಳಿವೆ, ಹಿಂದಿನವು ಎರಡೂ ಕಡೆ ಹೋಗಿವೆ. ತೋರುವವು ಉಳಿದು ತಿನ್ನುವವು ಹೋದ ನನಗೆ ಡಾಕ್ಟರು ಪಾರ್ಷಿಯಲ್ ಸೆಟ್ಟಿನ ಮೂರು ಜಾತಿ ಹೇಳಿದರು. ಅಕ್ರಿಲಿಕ್‌ನದು ಅಗ್ಗ, ದಪ್ಪ, ಹೆಚ್ಚಾಗಿ ಒಸಡಿನ ಮೇಲೇ ಕೂತು ಭಾರ ಹಾಕುತ್ತದೆ. ಕೋಬಾಲ್ಟ್ ಕ್ರೋಮಿಯಂ ಎರಕದ್ದು ತೆಳು, ಗಟ್ಟಿ. ಉಳಿದ ಹಲ್ಲುಗಳ ಮೇಲೆ ಸಣ್ಣ ಸಣ್ಣ ಊರುಗಾಲು ಇಟ್ಟು ಅಗಿಯುವ ಭಾರವನ್ನು ಅವುಗಳೊಂದಿಗೆ ಹಂಚಿಕೊಳ್ಳುತ್ತದೆ. ಅದರ ಕೊಕ್ಕೆ ಹೊರಗೆ ಕಂಡರೂ ಕಾಣಬಹುದು. ನೈಲಾನಿನದು ಬಳುಕುತ್ತದೆ, ಲೋಹವೇ ಕಾಣುವುದಿಲ್ಲ. ಆದರೆ ಭಾರ ಒಸಡಿನ ಮೇಲೆ, ಒಡೆದರೆ ಸರಿ ಮಾಡುವುದೂ ಕಷ್ಟ. “ಬಳುಕೋದೇ ತಗೊಳ್ಳಮ್ಮ, ಯಾರಿಗೂ ಗೊತ್ತಾಗಲ್ಲ” ಎಂದಳು ಜೊತೆಗೆ ಬಂದಿದ್ದ ಮಗಳು. ಯಾರಿಗೂ ಗೊತ್ತಾಗದಿರುವುದು ಅವಳ ಮೊದಲ ಲೆಕ್ಕ. “ಹಲಸಿನ ಹಪ್ಪಳ ಯಾವುದರಲ್ಲಿ ಮುರಿಯಬಹುದು ಡಾಕ್ಟ್ರೇ?” ಎಂದೆ ನಾನು. ಅವರು ಲೋಹದ್ದರ ಕಡೆ ಕೈ ತೋರಿಸಿದರು.

ಟ್ರಯಲ್ ದಿನ ಮೇಣದಲ್ಲಿ ಜೋಡಿಸಿದ ಹಲ್ಲು ಬಾಯಿಗಿಟ್ಟು “ಮಿಸಿಸಿಪ್ಪಿ ಅನ್ನಿ ಮೇಡಂ” ಎಂದರು. ‘ಸ’ಕಾರ ಸಿಳ್ಳೆಯಾದರೆ ಅಥವಾ ಹಲ್ಲಿಗೆ ಹಲ್ಲು ತಾಗಿದರೆ ಎತ್ತರ ತಪ್ಪಿದೆ ಎಂದು ಅವರಿಗೆ ತಿಳಿಯುತ್ತದೆಯಂತೆ. ಶರಾವತಿಯ ದಡದವಳು ಆ ದೂರದ ನದಿಯ ಹೆಸರನ್ನು ಅಷ್ಟು ಭಕ್ತಿಯಿಂದ ಜಪಿಸಿದ್ದು ಅದೇ ಮೊದಲು.

ಮುಂದೆ ಕೆಳಗಿನವು ಪೂರ್ತಿ ಹೋದರೆ? ಅದಕ್ಕೂ ದಾರಿಯಿದೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ ಮೊಲದ ಎಲುಬಿನಲ್ಲಿ ಇಟ್ಟ ಟೈಟಾನಿಯಂ ಉಪಕರಣ ಕೀಳಲಾರದಷ್ಟು ಎಲುಬಿಗೆ ಕೂಡಿಕೊಂಡದ್ದನ್ನು ಕಂಡು, 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಂ ಸ್ಕ್ರೂ ಕೂರಿಸಿದ. ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ನೆಟ್ಟು, ಸೆಟ್ಟನ್ನು ಅವುಗಳ ಮೇಲೆ ಗುಂಡಿಯಂತೆ ಟಕ್ಕೆಂದು ಕೂರಿಸಿದರೆ ಓವರ್‌ಡೆಂಚರ್. ಹಲ್ಲಿಲ್ಲದ ಕೆಳದವಡೆಗೆ ಕನಿಷ್ಠ ಇಷ್ಟಾದರೂ ಸಿಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದರು. ಬರೀ ಒಸಡಿನ ಮೇಲೆ ಕೂತ ಪೂರ್ತಿ ಸೆಟ್ಟಿಗೆ ಸ್ವಂತ ಹಲ್ಲಿನ ಕಚ್ಚುವ ಬಲದ ಕಾಲುಭಾಗ ಸಿಕ್ಕರೆ ಪುಣ್ಯ. ಕಂಬ ಸಿಕ್ಕ ಮೇಲೆ ಆ ಬಲ ಗಣನೀಯವಾಗಿ ಏರುತ್ತದೆ.

ಅಳತೆಯ ವಿಧಾನವೂ ಬದಲಾಗಿದೆ. ಗಂಟಲಿಗೆ ಇಳಿದು ವಾಕರಿಕೆ ತರಿಸುವ, ಅಚ್ಚು ತೆಗೆಯುವ ತಣ್ಣನೆಯ ಹಿಟ್ಟಿನ ಬದಲು ಸಣ್ಣ ಕ್ಯಾಮೆರಾ ಬಾಯೊಳಗೆ ಸುತ್ತಾಡಿ ಕಂಪ್ಯೂಟರಿನಲ್ಲಿ ದವಡೆಯ ಚಿತ್ರ ಕಟ್ಟುತ್ತದೆ. ಮೊದಲೇ ಗಟ್ಟಿಯಾದ ಅಕ್ರಿಲಿಕ್ ಬಿಲ್ಲೆಯಿಂದ ಯಂತ್ರವೇ ಸೆಟ್ಟು ಕೊರೆಯುವುದರಿಂದ ಪಿಂಗಾಣಿಯನ್ನು ಕಾಡಿದ ಕುಗ್ಗುವ ಕಾಟ ಇದಕ್ಕಿಲ್ಲ. ತ್ರೀಡಿ ಪ್ರಿಂಟರಿನಲ್ಲಿ ಪದರ ಪದರವಾಗಿ ಮುದ್ರಿಸುವುದೂ ಉಂಟು. ಅದಕ್ಕಿಂತ ಹೆಚ್ಚಾಗಿ, ಫೈಲು ಉಳಿದಿರುತ್ತದೆ. ಘಟ್ಟದ ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ವಾಂತಿಯ ಜೊತೆಗೆ ಹೊಸ ಸೆಟ್ಟನ್ನೂ ಕಣಿವೆಗೆ ಅರ್ಪಿಸಿ ಬಂದ ನಮ್ಮ ನೆಂಟರಿಗೆ ಈ ವಿದ್ಯೆ ಆಗ ಬಂದಿದ್ದರೆ ಮತ್ತೆ ಮೊದಲಿಂದ ಅಳತೆ ಕೊಡುವ ಕಷ್ಟ ತಪ್ಪುತ್ತಿತ್ತು.

ಇಷ್ಟೆಲ್ಲ ಬಂದರೂ ಅದು ಯಾರ ಬಾಯಿಗೆ ಎಂಬ ಪ್ರಶ್ನೆ ಉಳಿಯುತ್ತದೆ. 1948ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾಗಿ ಸೆಟ್ಟು ಪುಕ್ಕಟೆ ಎಂದಾಗ ಜನ ಮುಗಿಬಿದ್ದರು. ಖರ್ಚು ತಾಳದೆ 1951ರಲ್ಲಿ ಸರ್ಕಾರ ಸೆಟ್ಟಿಗೂ ಕನ್ನಡಕಕ್ಕೂ ದುಡ್ಡು ಕೇಳಲು ಹೊರಟಿತು. ಆ ಸೇವೆಯನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ರಾಜೀನಾಮೆ ಕೊಟ್ಟು ಹೊರನಡೆದ. ನಮ್ಮಲ್ಲಿ ‘ದಂತ ಭಾಗ್ಯ’ ಯೋಜನೆಯಡಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಸೆಟ್ಟು ಉಚಿತ. ಭಾಗ್ಯ ಎಂಬ ಹೆಸರು ಕೇಳಿ ನಗುವವರಿಗೆ ಮೆತ್ತನೆಯ ಅನ್ನವನ್ನೇ ವರ್ಷಗಟ್ಟಲೆ ನುಂಗಿದವರ ಕಷ್ಟ ತಿಳಿಯದು. ಶೇಂಗಾ, ಕಾಳು, ಹಸಿ ತರಕಾರಿ, ಜೋಳದ ರೊಟ್ಟಿ ಒಂದೊಂದಾಗಿ ತಟ್ಟೆಯಿಂದ ಸರಿದು ಹೋಗುತ್ತವೆ, ಅವುಗಳ ಹಿಂದೆಯೇ ಮೈಯ ಕಸುವು ಹೋಗುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರಲು ಸಂಕೋಚಪಟ್ಟು ಊಟ ಆಯಿತು ಎಂದು ಸುಳ್ಳು ಹೇಳುವ ಮುದುಕರು ನಮ್ಮ ಊರಿನಲ್ಲೂ ಇದ್ದರು.

ಹಾಗೆಂದು ದೊಡ್ಡಪ್ಪನ ಪಕ್ಷವನ್ನು ನಾನು ಪೂರ್ತಿ ಬಿಟ್ಟುಕೊಡಲಾರೆ. ಮಾತೇ ಬದುಕಾದವನಿಗೆ ಮಾತಿನ ಹಲ್ಲೇ ಅನ್ನದ ಹಲ್ಲು. ಆದರೂ ಎರಡನ್ನೂ ಒಂದೇ ಸೆಟ್ಟಿನಲ್ಲಿ ಕೊಡುವ ಕಾಲ ಬಂದಿರುವಾಗ ನಮ್ಮ ಮಾತು ಮಾತ್ರ ಹಿಂದೆಯೇ ಉಳಿದಿದೆ. ಹೊಸ ಹಲ್ಲು ಕಟ್ಟಿಸಿಕೊಂಡವರು ಎದುರಾದರೆ ಇವತ್ತಿಗೂ ನಾವು ಹೇಳುವುದು ಒಂದೇ, ಚೆನ್ನಾಗಿ ಕಾಣುತ್ತೆ ಎಂದು. ಅದು ಮರ್ಯಾದೆಯೇ, ಬೇಡ ಎನ್ನುವುದಿಲ್ಲ. ಇವತ್ತು ಏನು ತಿಂದಿರಿ ಎಂದು ಕೇಳುವುದು ಅದಕ್ಕಿಂತ ದೊಡ್ಡ ಮರ್ಯಾದೆ.