ಕುಡ್ಲೆ ಕಡಲ ಜಗಲಿಯಲ್ಲಿ

ಗೋಕರ್ಣಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ಕೋಟಿತೀರ್ಥ, ಮಹಾಬಲೇಶ್ವರನ ದರ್ಶನ, ಊಟ, ಸಂಜೆ ಓಂ ಕಡಲತೀರದಲ್ಲಿ ಅರ್ಧ ಗಂಟೆ ಕಾಲು ನೆನೆಸಿಕೊಂಡು, ನಾಲ್ಕು ಫೋಟೋ ತೆಗೆದುಕೊಂಡು ರಾತ್ರಿ ಬಸ್ಸು ಹತ್ತಿದೆವು ಎನ್ನುತ್ತಾರೆ. ಶಾಲಾ ಪ್ರವಾಸದ ಮಕ್ಕಳಿಗಂತೂ ಅಷ್ಟು ಹೊತ್ತೂ ಸಿಗುವುದಿಲ್ಲ. ಸಮುದ್ರ ನೋಡಿದ್ದಾಯಿತು ಎಂಬ ಸಮಾಧಾನ ಎಲ್ಲರಿಗೂ ಇರುತ್ತದೆ. ಆದರೆ ಅವರು ನೋಡಿರುವುದು ಅರ್ಧ ಗಂಟೆಯ ಸಮುದ್ರವನ್ನು ಮಾತ್ರ. ಬೆಳಗಿನ ಕಡಲು ಮಧ್ಯಾಹ್ನಕ್ಕಿರುವುದಿಲ್ಲ, ಮಧ್ಯಾಹ್ನದ ಕಡಲು ಸಂಜೆಗಿರುವುದಿಲ್ಲ. ಅದರ ಗುಣ ತಿಳಿಯಬೇಕಾದರೆ ಒಂದು ಹಗಲು, ಒಂದು ರಾತ್ರಿಯಾದರೂ ಅದರೆದುರೇ ಬಿಡಾರ ಹೂಡಬೇಕು. ಹಾಗೆ ಹೂಡಲು ದುಬಾರಿ ರೆಸಾರ್ಟೇ ಆಗಬೇಕೆಂದಿಲ್ಲ. ಎದುರಿಗೆ ತಡೆಯಿಲ್ಲದ ನೋಟವಿರುವ ಒಂದು ಜಗಲಿ ಇದ್ದರೆ ಸಾಕು.

ಅಂಥ ಜಗಲಿಗಳು ಕುಡ್ಲೆಯಲ್ಲಿ ಬೇಕಾದಷ್ಟಿವೆ.

ಗುಡ್ಡ ದಾಟಿದರೆ ದಂಡೆ

ಗೋಕರ್ಣ ಪೇಟೆಯ ದಕ್ಷಿಣಕ್ಕೆ ಗುಡ್ಡಗಳು ಒಂದರ ನಂತರ ಒಂದರಂತೆ ಸಮುದ್ರಕ್ಕೆ ಮೂಗು ಚಾಚಿ ನಿಂತಿವೆ. ಎರಡು ಗುಡ್ಡಗಳ ನಡುವೆ ಒಂದೊಂದು ಬಾಗಿದ ಮರಳ ದಂಡೆ. ಮೊದಲು ಸಿಗುವುದು ಕುಡ್ಲೆ. ಅದರಾಚೆ ಓಂಕಾರದ ಆಕಾರದಲ್ಲಿ ಎರಡು ಬಾಗುಗಳಾಗಿರುವ ಓಂ ತೀರ. ಮತ್ತೂ ಮುಂದೆ ಹಾಫ್ ಮೂನ್, ಪ್ಯಾರಡೈಸ್ ಎಂದು ಹೆಸರಾಗಿರುವ ಪುಟ್ಟ ದಂಡೆಗಳು.

ಕುಡ್ಲೆಗೆ ವಾಹನದಲ್ಲಿ ಹತ್ತಿರದವರೆಗೆ ಹೋಗಬಹುದು. ಆದರೆ ನಡೆದು ಹೋಗುವುದೇ ಚೆಂದ. ಪೇಟೆಯ ಕಡಲ ದಂಡೆಯ ತುದಿಯಲ್ಲಿರುವ ರಾಮತೀರ್ಥದ ಕಡೆಯಿಂದ ಗುಡ್ಡ ಹತ್ತಿದರೆ ಮೇಲೆಲ್ಲ ಕೆಂಪು ಚಿರೆಕಲ್ಲಿನ ಹಾಸು. ಮರಗಿಡಗಳು ಅಪರೂಪ, ನೆರಳಿಲ್ಲ. ಅರ್ಧ ಗಂಟೆ ನಡೆದು ಇನ್ನೊಂದು ಅಂಚಿಗೆ ಬರುವಾಗ ಕೆಳಗೆ ಬಿಲ್ಲಿನಂತೆ ಬಾಗಿದ ಕುಡ್ಲೆ ಪೂರ್ತಿಯಾಗಿ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಎರಡು ಕಡೆ ಕಪ್ಪು ಬಂಡೆ, ನಡುವೆ ಸುಮಾರು 1 ಕಿ.ಮೀ. ಮರಳು, ಹಿಂದೆ ತೆಂಗಿನ ಸಾಲು, ಮುಂದೆ ಅರಬ್ಬಿ ಸಮುದ್ರ.

ಹೋಟೆಲು ಎಂದರೆ ಇಷ್ಟೇ

ಇಲ್ಲಿನ ಹೋಟೆಲುಗಳ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಮಂಚ, ಸೊಳ್ಳೆಪರದೆ, ಗೋಡೆಗೊಂದು ಫ್ಯಾನು, ಮುಂದೆ ಜಗಲಿ, ಜಗಲಿಯಲ್ಲಿ ಕೆಲವೆಡೆ ಬಲೆಯ ಜೋಲಿ. ಕೆಲವು ಕಡೆ ಸ್ನಾನದ ಮನೆ ಹೊರಗೆ, ಹಲವರಿಗೆ ಒಂದೇ. ಅಂಗಳವೆಂದರೆ ಮರಳು. ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟರೆ ಊರಿಗೆ ಹೊರಡುವಾಗಲೇ ಮತ್ತೆ ಅದರ ನೆನಪು. ವಿದೇಶಿ ಪ್ರವಾಸಿಗರು ವರ್ಷಗಟ್ಟಲೆಯಿಂದ ಬರುತ್ತಿರುವುದರಿಂದ ತಿಂಡಿಯ ಪಟ್ಟಿಯಲ್ಲಿ ಪಾಸ್ತಾ, ಪ್ಯಾನ್‌ಕೇಕ್, ಹಮ್ಮಸ್ ಎಲ್ಲ ಉಂಟು. ನಮ್ಮವರು ಅನ್ನ, ಬಂಗಡೆ ಸಾರು ಎಂದು ಮೊದಲೇ ಹೇಳಿಟ್ಟರೆ ಅದನ್ನೂ ಮಾಡಿಕೊಡುವವರಿದ್ದಾರೆ. ಸಸ್ಯಾಹಾರಿಗಳಿಗೆ ಪೇಟೆಯಲ್ಲಿ ತಂಬುಳಿ, ಅಪ್ಪೆಹುಳಿಯ ಊಟ ಸಿಕ್ಕೀತು.

ದಂಡೆಯ ಮೇಲಿನ ಹಲವು ಕಟ್ಟಡಗಳು ಮಡಲು, ಬಿದಿರು, ಹಲಗೆಗಳವು. ಮಳೆಗಾಲಕ್ಕೆ ಮುಂಚೆ ಬಿಚ್ಚಿಟ್ಟು, ಮಳೆ ನಿಂತ ಮೇಲೆ ಮತ್ತೆ ಕಟ್ಟುವಂಥವು. ಇದಕ್ಕೆ ಕಾರಣ ಬಡತನವೊಂದೇ ಅಲ್ಲ. ಕೇಂದ್ರ ಸರ್ಕಾರ 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿ, ಭರತದ ನೀರು ಏರುವ ಗೆರೆಯಿಂದ 500 ಮೀಟರ್‌ವರೆಗಿನ ನೆಲದಲ್ಲಿ ಕಟ್ಟಡಗಳಿಗೆ ನಿರ್ಬಂಧ ಹಾಕಿತು. ಆಮೇಲೆ ನಿಯಮಗಳು ಹಲವು ಬಾರಿ ಬದಲಾದರೂ ಅದರ ಹಿಂದಿನ ತತ್ವ ಒಂದೇ. ದಂಡೆ ಕಡಲಿಗೆ ಸೇರಿದ್ದು, ಅದು ಬಂದು ಹೋಗುವ ಜಾಗದಲ್ಲಿ ಮನುಷ್ಯ ಗಟ್ಟಿಯಾಗಿ ತಳವೂರಬಾರದು.

ಕಣ್ಣಿಗೆ ಎಷ್ಟು ದೂರ?

ಕೋಣೆ ಹಿಡಿಯುವಾಗ ದಂಡೆಯ ಮೇಲಿನದಕ್ಕಿಂತ ಗುಡ್ಡದ ಇಳಿಜಾರಿನಲ್ಲಿರುವುದನ್ನು ಹಿಡಿಯಿರಿ. ಹತ್ತಿ ಇಳಿಯುವ ಕಷ್ಟವಿದೆ, ಆದರೆ ನೋಟದಲ್ಲಿ ಅದರ ಬೆಲೆ ಬಡ್ಡಿಸಮೇತ ತೀರುತ್ತದೆ.

ಇದು ಬರಿಯ ಮಾತಲ್ಲ, ಲೆಕ್ಕ. ಭೂಮಿ ದುಂಡಗಿರುವುದರಿಂದ ಎತ್ತರ ಹೆಚ್ಚಿದಂತೆ ಕ್ಷಿತಿಜ ದೂರ ಸರಿಯುತ್ತದೆ. ನಿಮ್ಮ ಕಣ್ಣು ನೀರಿನ ಮಟ್ಟದಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕ್ಷಿತಿಜದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಮರಳಿನ ಮೇಲೆ ನಿಂತವರ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ ಅವರಿಗೆ ಕಾಣುವ ಕಡಲು ಸುಮಾರು ನಾಲ್ಕೂವರೆ ಕಿ.ಮೀ. ಮಾತ್ರ. 25 ಮೀಟರ್ ಎತ್ತರದ ಜಗಲಿಯಲ್ಲಿ ಕುಳಿತವರಿಗೆ ಸುಮಾರು 18 ಕಿ.ಮೀ. ಕೆಳಗಿನವರಿಗೆ ಕಾಣಿಸದ ದೋಣಿ ಮೇಲಿನವರಿಗೆ ಕಾಣುವುದು ಇದೇ ಕಾರಣಕ್ಕೆ.

ಮಕ್ಕಳು ಜತೆಗಿದ್ದರೆ ಸಂಜೆ ಒಂದು ಪ್ರಯೋಗ ಮಾಡಿಸಬಹುದು. ಒಬ್ಬರು ದಂಡೆಯಲ್ಲಿ ನಿಲ್ಲಲಿ, ಇನ್ನೊಬ್ಬರು ಜಗಲಿಯಲ್ಲಿ ಕೂರಲಿ. ಇಬ್ಬರೂ ಗಡಿಯಾರ ಸರಿಮಾಡಿಕೊಂಡು, ಸೂರ್ಯನ ಮೇಲಂಚು ನೀರಿನಲ್ಲಿ ಮರೆಯಾದ ಗಳಿಗೆಯನ್ನು ಗುರುತು ಹಾಕಿಕೊಳ್ಳಲಿ. ಕೆಳಗಿನವರಿಗೆ ಸೂರ್ಯ ಮುಳುಗಿದ ಮೇಲೂ 25 ಮೀಟರ್ ಎತ್ತರದಲ್ಲಿರುವವರಿಗೆ ಸುಮಾರು ಅರ್ಧ ನಿಮಿಷ ಕಾಣುತ್ತಲೇ ಇರುತ್ತಾನೆ! ಭೂಮಿ ದುಂಡಗಿದೆ ಎಂಬ ಪಾಠ ಪುಸ್ತಕದಲ್ಲಿ ಓದಿದ್ದಕ್ಕಿಂತ ಇಲ್ಲಿ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ಇನ್ನು ಆ ಕ್ಷಿತಿಜದಾಚೆ ಏನಿದೆ ಎಂದು ಮಕ್ಕಳು ಕೇಳಿದರೆ ಭೂಪಟ ತೆರೆದು ತೋರಿಸಿ. ಇಲ್ಲಿಂದ ನೇರ ಪಶ್ಚಿಮಕ್ಕೆ ಹೋದರೆ ಸುಮಾರು 2,700 ಕಿ.ಮೀ. ಆಚೆ ಸಿಗುವ ನೆಲ ಯೆಮೆನ್ ದೇಶದ ಮುಕಲ್ಲಾ ಬಂದರಿನ ಆಸುಪಾಸು. ನಡುವೆ ನೀರಿನ ಹೊರತು ಬೇರೇನೂ ಇಲ್ಲ.

ಭರತ, ಇಳಿತ

ಒಂದು ಇಡೀ ದಿನ ಜಗಲಿಯಲ್ಲಿ ಕುಳಿತವರಿಗೆ ಮಾತ್ರ ತಿಳಿಯುವ ಇನ್ನೊಂದು ಸಂಗತಿ ಭರತ ಇಳಿತಗಳದ್ದು. ಬೆಳಿಗ್ಗೆ ಎಂಟಕ್ಕೆ ನೀರು ಪೂರ್ತಿ ಏರಿದ್ದರೆ ಮಧ್ಯಾಹ್ನ ಎರಡರ ಹೊತ್ತಿಗೆ ಇಳಿದಿರುತ್ತದೆ. ರಾತ್ರಿ ಎಂಟೂವರೆಯ ಸುಮಾರಿಗೆ ಮತ್ತೆ ಭರತ. ಒಂದು ಭರತದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷದ ಆಸುಪಾಸು. ಹೀಗಾಗಿ ದಿನವೂ ಭರತದ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಹತ್ತಿರ ಏರಿಳಿತ ಹೆಚ್ಚು. ನಮ್ಮ ಈ ಕರಾವಳಿಯಲ್ಲಿ ಆಗ ಒಂದೂವರೆಯಿಂದ ಎರಡು ಮೀಟರ್ ವ್ಯತ್ಯಾಸ ಕಾಣಬಹುದು.

ಇದು ಕೇವಲ ಕುತೂಹಲದ ವಿಷಯವಲ್ಲ. ಕುಡ್ಲೆಯಿಂದ ಓಂಗೆ, ಅಲ್ಲಿಂದ ಹಾಫ್ ಮೂನ್‌ಗೆ ಹೋಗುವವರು ಮಧ್ಯಾಹ್ನ ನೀರು ಇಳಿದಾಗ ಬಂಡೆಗಳ ಮೇಲೆ ಸಲೀಸಾಗಿ ಹೆಜ್ಜೆ ಹಾಕುತ್ತಾರೆ. ಸಂಜೆ ಮರಳುವಾಗ ಅದೇ ಬಂಡೆಗಳ ಮೇಲೆ ಅಲೆ ಹೊಡೆಯುತ್ತಿರುತ್ತದೆ. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಭರತದ ವೇಳೆ ತಿಳಿದವರು ಗುಡ್ಡದ ಮೇಲಿನ ಕಾಲುದಾರಿ ಹಿಡಿಯುತ್ತಾರೆ, ತಿಳಿಯದವರು ಸೆಲ್ಫಿಗೆಂದು ಬಂಡೆಯ ತುದಿಗೆ ಹೋಗುತ್ತಾರೆ.

ಮೋಸದ ನೀರು

ಹೆತ್ತವರಿಗೂ ಮಕ್ಕಳಿಗೂ ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದರು. ಬಯಲುಸೀಮೆಯ ಮಕ್ಕಳು. ಡಿಸೆಂಬರ್ ಎಂದರೆ ಬಿರುಗಾಳಿಯ ಮಳೆಗಾಲವೂ ಅಲ್ಲ. ಕೆರೆ, ಹೊಳೆಗಳ ಅಪಾಯ ಆಳದಲ್ಲಿರುತ್ತದೆ. ಕಡಲಿನ ಅಪಾಯ ಮೊಣಕಾಲು, ಸೊಂಟದ ನೀರಿನಲ್ಲೂ ಇರುತ್ತದೆ ಎಂಬುದು ಒಳನಾಡಿನವರಿಗೆ ಹೊಳೆಯುವುದು ಕಷ್ಟ.

ಅಲೆಗಳು ದಂಡೆಗೆ ತಳ್ಳಿದ ನೀರು ಹೇಗೋ ಹಿಂದಕ್ಕೆ ಹೋಗಲೇಬೇಕಲ್ಲ? ಅದು ಎಲ್ಲ ಕಡೆಯಿಂದಲೂ ಸಮನಾಗಿ ಹೋಗುವುದಿಲ್ಲ. ಮರಳಿನ ತಗ್ಗಿನಲ್ಲಿ, ಬಂಡೆಯ ಪಕ್ಕದಲ್ಲಿ ಇಕ್ಕಟ್ಟಾದ ದಾರಿ ಮಾಡಿಕೊಂಡು ರಭಸವಾಗಿ ಹೊರಗೆ ಹರಿಯುತ್ತದೆ. ಇದೇ ಸೆಳವು. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮುಟ್ಟುವುದುಂಟು. ಅಷ್ಟು ವೇಗಕ್ಕೆ ಎದುರಾಗಿ ನುರಿತ ಈಜುಗಾರನೂ ನಿಲ್ಲಲಾರ. ಮೋಸವಿರುವುದು ಅದರ ರೂಪದಲ್ಲಿ. ಸೆಳವು ಇರುವ ಕಡೆ ನೀರು ಆಳವಾಗಿರುವುದರಿಂದ ಅಲೆ ಒಡೆಯುವುದಿಲ್ಲ, ನೊರೆ ಕಡಿಮೆ. ಎರಡು ಕಡೆ ಅಲೆಗಳ ಅಬ್ಬರವಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಾಣುತ್ತದೆ. ಇಲ್ಲಿ ಅಲೆಯಿಲ್ಲ, ಮಕ್ಕಳಿಗೆ ಇದೇ ಒಳ್ಳೆಯ ಜಾಗ ಎಂದು ಹೊಸಬರು ಆರಿಸಿಕೊಳ್ಳುವುದು ಅದನ್ನೇ!

ದಂಡೆಯಲ್ಲಿ ನಿಂತವರಿಗೆ ಈ ಪಟ್ಟಿ ಸುಲಭವಾಗಿ ತಿಳಿಯುವುದಿಲ್ಲ. ಎತ್ತರದ ಜಗಲಿಯಿಂದ ನೋಡಿದರೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಬಿಳಿ ನೊರೆಯ ಸಾಲಿನ ನಡುವೆ ಕಪ್ಪಗಿನ ದಾರಿ, ಅದರಲ್ಲಿ ಹೊರಗೆ ತೇಲಿ ಹೋಗುವ ಕಸಕಡ್ಡಿ, ಕದಡಿದ ಮರಳು. ಕುಡ್ಲೆ, ಓಂಗಳಂತೆ ಎರಡೂ ಬದಿ ಬಂಡೆಯಿರುವ ದಂಡೆಗಳಲ್ಲಿ ಬಂಡೆಯ ಮಗ್ಗುಲನ್ನು ವಿಶೇಷವಾಗಿ ನೋಡಬೇಕು. ಆದ್ದರಿಂದ ಕೋಣೆ ಸೇರಿದೊಡನೆ ನೀರಿಗೆ ಓಡದೆ, ಒಂದು ಗಂಟೆ ಜಗಲಿಯಲ್ಲಿ ಕುಳಿತು ಕಡಲನ್ನು ಓದುವುದು ಮನೆಮಂದಿಯೆಲ್ಲ ಪಾಲಿಸಬೇಕಾದ ನಿಯಮ. ಆಮೇಲೆ ದಂಡೆಯಲ್ಲಿರುವ ಜೀವರಕ್ಷಕ ಸಿಬ್ಬಂದಿಯನ್ನು ಕೇಳಿ, ಅವರು ತೋರಿಸಿದ ಕಡೆ ಮಾತ್ರ ಇಳಿಯಬೇಕು.

ಸೆಳವಿಗೆ ಸಿಕ್ಕಿದರೆ ದಂಡೆಯತ್ತ ನೇರ ಈಜಬಾರದು. ಸೆಳವು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಗಾಬರಿಯಾಗದೆ ತೇಲುತ್ತ, ಕೈಯೆತ್ತಿ ಕೂಗುತ್ತ, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಅಲೆ ಒಡೆಯುವ ಕಡೆಯಿಂದ ಮರಳಬೇಕು. ದಡದಲ್ಲಿರುವವರು ಹಿಂದೆಯೇ ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಹೋದ ದುಃಖದ ಕತೆಗಳು ಈ ಕರಾವಳಿಯಲ್ಲಿ ಕಡಿಮೆಯಿಲ್ಲ. ಖಾಲಿ ಕ್ಯಾನು, ಚೆಂಡು, ಹಗ್ಗ ಏನಾದರೂ ಎಸೆದು ಜನರನ್ನು ಕೂಗಬೇಕು, 112ಕ್ಕೆ ಕರೆ ಮಾಡಬೇಕು.

ಬೇಸಿಗೆಯ ಕೊನೆಯಲ್ಲಿ ಇನ್ನೊಂದು ಎಚ್ಚರ. ದಕ್ಷಿಣದ ಮಹಾಸಾಗರದಲ್ಲಿ ಸಾವಿರಾರು ಕಿ.ಮೀ. ದೂರದಲ್ಲೆದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ಬಂದು, ಇಲ್ಲಿ ಗಾಳಿಯೇ ಇಲ್ಲದ ದಿನ ದಂಡೆಗೆ ಅಪ್ಪಳಿಸುವುದುಂಟು. ಕೇರಳದ ಮೀನುಗಾರರು ಇದಕ್ಕೆ ಇಟ್ಟ ಹೆಸರು ಕಳ್ಳಕ್ಕಡಲ್, ಎಂದರೆ ಕಳ್ಳನಂತೆ ಬರುವ ಕಡಲು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ಇಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಆ ದಿನಗಳಲ್ಲಿ ಜಗಲಿಯಿಂದಲೇ ನೋಡಿ ಸಂತೋಷಪಡುವುದು ಕ್ಷೇಮ.

ರಾತ್ರಿ ಮತ್ತು ಬೆಳಗು

ಊಟ ಮುಗಿಸಿ ದೀಪ ಆರಿಸಿ ಕುಳಿತರೆ ದೂರದಲ್ಲಿ ಮೀನು ದೋಣಿಗಳ ದೀಪಗಳು ಸಾಲುಗಟ್ಟಿರುತ್ತವೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಆಗ ಈ ದೀಪದ ಊರು ಕಾಣಿಸದು. ಹಗಲೆಲ್ಲ ಕಡಲಿನಿಂದ ಬೀಸುತ್ತಿದ್ದ ಗಾಳಿ ನಡುರಾತ್ರಿಯ ಮೇಲೆ ಗುಡ್ಡದ ಕಡೆಯಿಂದ ಬೀಸತೊಡಗುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ಈ ನೆಲದ ಗಾಳಿ ಹಿಡಿದು ಬೆಳಗಾಗುವ ಮುಂಚೆ ಹೊರಟು, ಮಧ್ಯಾಹ್ನದ ಕಡಲ ಗಾಳಿಯಲ್ಲಿ ಮರಳುತ್ತಿದ್ದರು. ಬೆಳಿಗ್ಗೆ ಎದ್ದು ಇಳಿದರೆ ಹಸಿ ಮರಳ ಮೇಲೆ ಏಡಿಗಳು ಉಂಡೆ ಕಟ್ಟಿ ಹಾಕಿದ ರಂಗೋಲಿ.

ಹಿಂತಿರುಗುವ ದಾರಿಯಲ್ಲಿ

ಇಷ್ಟೆಲ್ಲ ನೋಡಿದ ಮೇಲೆ ಹಿಂತಿರುಗುವಾಗ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ಬಳಿ ಇಳಿಯದೆ ಹೋಗಬೇಡಿ. ಭರತದ ನೀರನ್ನು ಒಳಬಿಟ್ಟು, ಕಟ್ಟೆಗಳಲ್ಲಿ ತಡೆದು, ಬಿಸಿಲಿಗೆ ಆರಿಸಿ ಬೇಸಿಗೆಯಲ್ಲಿ ಉಪ್ಪು ತೆಗೆಯುತ್ತಾರೆ. ನೆರೆಯ ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಸರು ಮಾಡಿದ ಊರೆಂಬುದನ್ನು ಮಕ್ಕಳಿಗೆ ನೆನಪಿಸಬಹುದು. ಬಿಡುವಿದ್ದರೆ ತದಡಿಗೂ ಹೋಗಿ. ಅಲ್ಲಿ ಅಘನಾಶಿನಿ ನದಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಹೆಂಗಸರು, ಗಂಡಸರು ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಒಳಗಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ನಾವು ಜಗಲಿಯಲ್ಲಿ ಕುಳಿತು ಕಂಡುಕೊಂಡ ಭರತ ಇಳಿತದ ವೇಳೆ ಇಲ್ಲಿನ ಜನರಿಗೆ ದಿನದ ಅನ್ನದ ವೇಳೆ.

ಹೋಗುವುದು ಹೇಗೆ?

ಗೋಕರ್ಣ ಬೆಂಗಳೂರಿನಿಂದ ಸುಮಾರು 480 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟಾ, ಅಂಕೋಲೆಗಳ ನಡುವೆ ಮಾದನಗೇರಿಯಲ್ಲಿ ತಿರುಗಿದರೆ ಅಲ್ಲಿಂದ ಸುಮಾರು 10 ಕಿ.ಮೀ. ಕೊಂಕಣ ರೈಲು ಮಾರ್ಗದಲ್ಲಿ ಗೋಕರ್ಣ ರೋಡ್ ನಿಲ್ದಾಣವಿದೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಶನಿವಾರ, ಭಾನುವಾರ ಮತ್ತು ವರ್ಷದ ಕೊನೆಯ ವಾರ ಜನಜಂಗುಳಿ, ಗದ್ದಲ ಹೆಚ್ಚು. ಮಕ್ಕಳೊಂದಿಗೆ ಹೋಗುವವರು ವಾರದ ನಡುವಿನ ದಿನ ಆರಿಸಿಕೊಳ್ಳಲಿ. ಟಾರ್ಚು, ಟೋಪಿ, ಕುಡಿಯುವ ನೀರಿನ ಬಾಟಲಿ ಜತೆಗಿರಲಿ. ಖಾಲಿ ಬಾಟಲಿ ನಿಮ್ಮೊಂದಿಗೇ ವಾಪಸು ಬರಲಿ.